ಅಂಕ ಬಿಡಿ, ಆಟದ ಬಗ್ಗೆ ಹೇಳಿ

2020ರ ಡಿಸೆಂಬರ್ ಎರಡನೇ ವಾರ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯ ‘ಸೈಬರ್‌ಪಂಕ್ 2077’ ಗೇಮ್‌ಗಾಗಿ ಜಗತ್ತಿನ ಗೇಮರ್‌ಗಳು ವರ್ಷಗಟ್ಟಲೆ ಕಾದಿದ್ದರು. ಬಿಡುಗಡೆಗೆ ಮೊದಲೇ 80 ಲಕ್ಷ ಪ್ರತಿಗಳಿಗೆ ಜನ ಮುಂಗಡ ಕಟ್ಟಿದ್ದರು. ಮೂರು ದಿನ ಮುಂಚೆ ಬಂದ ವಿಮರ್ಶೆಗಳಲ್ಲಿ ಹೊಗಳಿಕೆಯೇ ಹೆಚ್ಚು. ಹತ್ತಕ್ಕೆ ಒಂಬತ್ತು ಕೊಟ್ಟವರು ಹಲವರು, ಹತ್ತಕ್ಕೆ ಹತ್ತು ಕೊಟ್ಟವರೂ ಇದ್ದರು. 10ನೇ ತಾರೀಕು ಗೇಮ್ ಕೈಗೆ ಬಂತು. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಇದ್ದವರಿಗೆ ಕಂಡದ್ದು ಬೇರೆಯದೇ ಆಟ. ಚಿತ್ರಗಳು ಮಸುಕು, ಚಲನೆ ತಡವರಿಕೆ, ಆಡುತ್ತಿದ್ದಂತೆಯೇ ಗೇಮ್ ಬಂದ್. ವಾರ ಕಳೆಯುತ್ತಿದ್ದಂತೆ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದಲೇ ತೆಗೆದುಹಾಕಿ, ಕೊಂಡವರಿಗೆ ಹಣ ವಾಪಸ್ ಮಾಡುವುದಾಗಿ ಹೇಳಿತು. ಅದು ಮತ್ತೆ ಆ ಸ್ಟೋರ್‌ಗೆ ಬಂದದ್ದು 2021ರ ಜೂನ್‌ನಲ್ಲಿ.

ಹಾಗಾದರೆ ವಿಮರ್ಶಕರು ಸುಳ್ಳು ಹೇಳಿದ್ದರೆ? ಇಲ್ಲ. ಬಿಡುಗಡೆಗೆ ಮುನ್ನ ಅವರಿಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ತಾವು ಆಡಿದ ದೃಶ್ಯಗಳನ್ನು ಓದುಗರಿಗೆ ತೋರಿಸಲೂ ಅವರಿಗೆ ಅವಕಾಶವಿರಲಿಲ್ಲ, ಕಂಪನಿ ಕೊಟ್ಟ ವಿಡಿಯೊ ಬಳಸಬೇಕಿತ್ತು. ಒಳ್ಳೆಯ ಕಂಪ್ಯೂಟರಿನಲ್ಲಿ ಅವರು ಕಂಡ ಆಟಕ್ಕೆ ಅವರು ಕೊಟ್ಟ ಅಂಕ ಸರಿಯೇ ಇದ್ದಿರಬಹುದು. ಆದರೆ ಅಂಕ ಬಾಯಿಂದ ಬಾಯಿಗೆ ಹೋಗುವಾಗ, ಯಾವ ಯಂತ್ರದಲ್ಲಿ ಆಡಿ ಕೊಟ್ಟದ್ದು ಎಂಬ ಮಾತು ಹಿಂದೆಯೇ ಉಳಿದುಬಿಡುತ್ತದೆ. ವಿಮರ್ಶೆಗಳನ್ನು ಒಟ್ಟುಹಾಕಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಈ ಗೇಮ್‌ನ ಪಿಸಿ ಆವೃತ್ತಿಗೆ ಇರುವುದು 86, ಪ್ಲೇಸ್ಟೇಷನ್ 4 ಆವೃತ್ತಿಗೆ 57. ಹೆಸರೊಂದೇ, ಆಟ ಎರಡು.

ಗೇಮ್ ಆಡುವುದನ್ನೂ ಅವುಗಳ ವಿಮರ್ಶೆ ಓದುವುದನ್ನೂ ಅಷ್ಟೇ ಪ್ರೀತಿಯಿಂದ ಮಾಡಿಕೊಂಡು ಬಂದವನಾಗಿ ನನಗೆ ಅನಿಸುವುದು ಇಷ್ಟು: ವಿಮರ್ಶೆಯ ಮೊದಲ ಕೆಲಸ ಬೆಲೆ ಕಟ್ಟುವುದಲ್ಲ. ಈ ಆಟ ನಮ್ಮ ಕೈಯಲ್ಲಿ ಏನು ಮಾಡಿಸುತ್ತದೆ, ವಿಮರ್ಶಕ ಅದನ್ನು ಎಲ್ಲಿ, ಹೇಗೆ, ಎಲ್ಲಿಯವರೆಗೆ ಆಡಿದ ಎಂದು ಹೇಳುವುದು.

ಒಂದು ಅಂಕದ ಬೆಲೆ

ಅಂಕ ಕೊಡುವ ಪದ್ಧತಿಗೆ ದೊಡ್ಡ ಇತಿಹಾಸವಿದೆ. ಜಪಾನಿನಲ್ಲಿ 1986ರಲ್ಲಿ ಶುರುವಾದ ‘ಫಾಮಿತ್ಸು’ ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತರಂತೆ ನಲವತ್ತಕ್ಕೆ ಅಂಕ ಕೊಡುತ್ತಾರೆ. ಅಲ್ಲಿ ನಲವತ್ತಕ್ಕೆ ನಲವತ್ತು ಮೊದಲು ಸಿಕ್ಕಿದ್ದು 1998ರಲ್ಲಿ, ನಿಂಟೆಂಡೊದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’ಗೆ. ನಾಲ್ವರ ಅಂಕವನ್ನೂ ಬೇರೆಬೇರೆಯಾಗಿ ಅಚ್ಚು ಹಾಕುವುದರಿಂದ ಅವರಲ್ಲಿ ಭಿನ್ನಾಭಿಪ್ರಾಯ ಇದ್ದರೆ ಓದುಗನಿಗೆ ಅದು ಕಾಣುತ್ತದೆ. ಇದು ಒಳ್ಳೆಯ ಕ್ರಮ.

2001ರಲ್ಲಿ ಬಂದ ಮೆಟಾಕ್ರಿಟಿಕ್ ಆ ಭಿನ್ನಾಭಿಪ್ರಾಯವನ್ನೆಲ್ಲ ಅರೆದು ಒಂದೇ ಸಂಖ್ಯೆ ಮಾಡಿತು. ಓದುಗನಿಗೆ ಸಲಹೆಯಾಗಿ ಹುಟ್ಟಿದ ಅಂಕ ಕ್ರಮೇಣ ಗೇಮ್ ಮಾಡುವವರ ಸಂಬಳಕ್ಕೂ ಅಳತೆಗೋಲಾಯಿತು. ಅಬ್ಸಿಡಿಯನ್ ಸ್ಟುಡಿಯೊ 2010ರಲ್ಲಿ ‘ಫಾಲ್‌ಔಟ್: ನ್ಯೂ ವೇಗಸ್’ ಮಾಡಿಕೊಟ್ಟಾಗ, ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಬೋನಸ್ ಸಿಗಲಿಲ್ಲ ಎಂದು ಸ್ಟುಡಿಯೊದ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿಯೇ ಹೇಳಿದರು. ಇಂದಿಗೂ ಜನ ಹುಡುಕಿಕೊಂಡು ಹೋಗಿ ಆಡುವ ಗೇಮ್ ಅದು. ನೂರಾರು ಪುಟಗಳಾಗುವಷ್ಟು ಸಂಭಾಷಣೆ ಬರೆದವರ ದುಡಿಮೆಯ ಫಲ, ಯಾರೋ ಒಬ್ಬ ವಿಮರ್ಶಕ ಎಂಟು ಕೊಡಲೋ ಎಂಟೂವರೆ ಕೊಡಲೋ ಎಂದು ಯೋಚಿಸಿದ ಗಳಿಗೆಗೆ ನೇತುಬಿದ್ದಿತ್ತು.

ಇನ್ನೊಂದು ಕಡೆ ಜಾಹೀರಾತಿನ ಒತ್ತಡ. 2007ರಲ್ಲಿ ಅಮೆರಿಕದ ಗೇಮ್‌ಸ್ಪಾಟ್‌ನಲ್ಲಿ ಜೆಫ್ ಗರ್ಸ್ಟ್‌ಮನ್ ‘ಕೇನ್ ಅಂಡ್ ಲಿಂಚ್’ ಎಂಬ ಗೇಮ್‌ಗೆ ಹತ್ತಕ್ಕೆ ಆರು ಕೊಟ್ಟರು. ಅದೇ ಹೊತ್ತಿಗೆ ಆ ತಾಣದ ತುಂಬ ಅದೇ ಗೇಮ್‌ನ ಜಾಹೀರಾತು ರಾರಾಜಿಸುತ್ತಿತ್ತು. ಕೆಲವೇ ದಿನಗಳಲ್ಲಿ ಅವರ ಕೆಲಸ ಹೋಯಿತು. ಜಾಹೀರಾತುದಾರರ ಒತ್ತಡವೇ ಇದಕ್ಕೆ ಕಾರಣವೆಂದು ಅವರು 2012ರಲ್ಲಿ ಬಾಯಿಬಿಟ್ಟರು. ಹತ್ತಕ್ಕೆ ಆರು ಎಂದರೆ ಲೆಕ್ಕದಲ್ಲಿ ಸರಾಸರಿಗಿಂತ ಮೇಲೆ. ಗೇಮ್ ಲೋಕದಲ್ಲಿ ಅದು ಬೈಗುಳ. ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹಾಗೆ, ಎಂಬತ್ತರ ಕೆಳಗೆ ಬಂದದ್ದೆಲ್ಲ ಸೋಲೆಂದೇ ನೋಡುವ ರೂಢಿ ಅಲ್ಲೂ ಬೇರು ಬಿಟ್ಟಿದೆ.

ಅಂಕವನ್ನೇ ಕೈಬಿಟ್ಟು ನೋಡಿದವರೂ ಇದ್ದಾರೆ. ಬ್ರಿಟನ್ನಿನ ಯೂರೊಗೇಮರ್ 2015ರಲ್ಲಿ ಅಂಕ ನಿಲ್ಲಿಸಿತು, 2023ರಲ್ಲಿ ಐದು ನಕ್ಷತ್ರಗಳ ಪದ್ಧತಿಗೆ ಮರಳಿತು. ಬಿಡುವಿಲ್ಲದ ಓದುಗ ಒಂದೇ ನೋಟದಲ್ಲಿ ಉತ್ತರ ಕೇಳುತ್ತಾನೆ, ಅದು ತಪ್ಪಲ್ಲ. ಹಾಗಿದ್ದರೆ ಅಂಕದ ಪಕ್ಕದಲ್ಲೇ, ಅದರಷ್ಟೇ ದಪ್ಪ ಅಕ್ಷರದಲ್ಲಿ, ‘ಈ ಯಂತ್ರದಲ್ಲಿ, ಇಷ್ಟು ಗಂಟೆ, ಕೊನೆಯವರೆಗೆ ಆಡಿ ಬರೆದದ್ದು’ ಎಂಬ ಸಾಲೊಂದು ಇರಲಿ.

ಕೈಗೆ ಕೊಟ್ಟ ಕೆಲಸ

ಬಹಳಷ್ಟು ಗೇಮ್ ವಿಮರ್ಶೆಗಳು ಸಿನಿಮಾ ವಿಮರ್ಶೆಯ ದಾರಿ ಹಿಡಿದಿವೆ. ಕಥೆ ಹೇಗಿದೆ, ಗ್ರಾಫಿಕ್ಸ್ ಹೇಗಿದೆ, ಸಂಗೀತ ಹೇಗಿದೆ ಎಂದು ಒಂದೊಂದು ಪ್ಯಾರಾ ಬರೆದು ಕೊನೆಗೆ ‘ಗೇಮ್‌ಪ್ಲೇ ಚೆನ್ನಾಗಿದೆ’ ಎಂದು ಮುಗಿಸುತ್ತವೆ. ಆದರೆ ಆಟದ ಅರ್ಥ ಇರುವುದೇ ಆ ಕೊನೆಯ ಮಾತಿನಲ್ಲಿ.

ಲೂಕಸ್ ಪೋಪ್ 2013ರಲ್ಲಿ ಬಹುಮಟ್ಟಿಗೆ ಒಬ್ಬರೇ ಕೂತು ಮಾಡಿದ ‘ಪೇಪರ್ಸ್, ಪ್ಲೀಸ್’ ನೋಡಿ. ವರ್ಷ 1982. ಆರ್ಸ್ಟೋಟ್ಸ್ಕಾ ಎಂಬ ಕಾಲ್ಪನಿಕ ದೇಶದ ಗಡಿಠಾಣೆಯಲ್ಲಿ ನೀವು ತಪಾಸಣಾಧಿಕಾರಿ. ಕಿಟಕಿಯ ಆಚೆ ಸಾಲು, ಈಚೆ ಇಕ್ಕಟ್ಟಾದ ಮೇಜು. ಒಬ್ಬೊಬ್ಬರೇ ಬಂದು ಪಾಸ್‌ಪೋರ್ಟ್ ಒಡ್ಡುತ್ತಾರೆ. ಹೆಸರು, ಫೋಟೊ, ಅವಧಿ, ಊರು ಎಲ್ಲವನ್ನೂ ತಾಳೆ ನೋಡಿ ಹಸಿರು ಮುದ್ರೆಯನ್ನೋ ಕೆಂಪು ಮುದ್ರೆಯನ್ನೋ ಒತ್ತಬೇಕು. ಸರಿಯಾಗಿ ವಿಲೇವಾರಿ ಮಾಡಿದ ತಲೆಗೆ ಇಷ್ಟೆಂದು ಕೂಲಿ. ಸಂಜೆಯಾದರೆ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು ಕಳೆದು ಉಳಿದದ್ದೆಷ್ಟು ಎಂಬ ಪಟ್ಟಿ ಬರುತ್ತದೆ. ದುಡ್ಡು ಸಾಲದಿದ್ದರೆ ಮನೆಯಲ್ಲಿ ಯಾರಿಗಾದರೂ ಕಾಯಿಲೆ.

ಒಂದು ದಿನ ಒಬ್ಬಾತ ಸರಿಯಾದ ಕಾಗದಗಳೊಂದಿಗೆ ಬರುತ್ತಾನೆ. ಹಿಂದೆಯೇ ನನ್ನ ಹೆಂಡತಿ ಇದ್ದಾಳೆ, ಅವಳ ಮೇಲೆ ದಯೆ ಇರಲಿ ಎಂದು ಹೇಳಿ ದಾಟುತ್ತಾನೆ. ಹೆಂಡತಿ ಬಂದಾಗ ಅವಳ ಬಳಿ ಪ್ರವೇಶಪತ್ರ ಇಲ್ಲ. ಬಿಟ್ಟರೆ ನಿಮ್ಮ ಲೆಕ್ಕಕ್ಕೆ ಒಂದು ತಪ್ಪು ಬೀಳುತ್ತದೆ. ಮೊದಲ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ಕೂಲಿಗೆ ಕತ್ತರಿ. ಇದರಲ್ಲಿ ಮಾತು ಕಡಿಮೆ, ಚಿತ್ರಗಳು ಒರಟು. ಆದರೂ ಆ ಎರಡು ಮುದ್ರೆಗಳ ನಡುವೆ ನಿಂತ ಕೈ ಎಷ್ಟು ಭಾರ ಎಂಬುದು ಆಡಿದವರಿಗೆ ಗೊತ್ತು. ಇನ್ನೂ ಮುಖ್ಯವಾದದ್ದು ಮುಂದಿದೆ. ದಿನಗಳು ಉರುಳಿದಂತೆ ನಿಯಮಗಳು ಹೆಚ್ಚುತ್ತವೆ, ಸಾಲು ಕರಗುವುದಿಲ್ಲ, ನೀವು ಮುಖ ನೋಡುವುದನ್ನೇ ಬಿಟ್ಟು ಕಾಗದ ಮಾತ್ರ ನೋಡತೊಡಗುತ್ತೀರಿ. ವ್ಯವಸ್ಥೆಯೊಂದು ಮನುಷ್ಯನನ್ನು ಹೇಗೆ ಕಲ್ಲು ಮಾಡುತ್ತದೆ ಎಂದು ಕಾದಂಬರಿ ವಿವರಿಸಬಲ್ಲದು, ಸಿನಿಮಾ ತೋರಿಸಬಲ್ಲದು. ಗೇಮ್ ಅದನ್ನು ನಿಮ್ಮ ಕೈಯಿಂದಲೇ ಮಾಡಿಸುತ್ತದೆ. ಇದನ್ನು ಹೇಳದೆ ‘ಗ್ರಾಫಿಕ್ಸ್ ಸಾಧಾರಣ’ ಎಂದು ಬರೆದರೆ ಆ ವಿಮರ್ಶೆ ಆಟವನ್ನು ಮುಟ್ಟಿಯೇ ಇಲ್ಲ.

ಯಾರು ಆಡಿದರು, ಎಲ್ಲಿಯವರೆಗೆ

ಸಿನಿಮಾ ಎಲ್ಲರಿಗೂ ಎರಡೂವರೆ ಗಂಟೆಯೇ. ಗೇಮ್ ಹಾಗಲ್ಲ. ಹಿದೆತಾಕಾ ಮಿಯಾಜಾಕಿ ನಿರ್ದೇಶನದ ‘ಡಾರ್ಕ್ ಸೋಲ್ಸ್’ನಲ್ಲಿ (2011) ಸುಲಭ–ಕಠಿಣ ಎಂಬ ಆಯ್ಕೆಯೇ ಇಲ್ಲ, ಸತ್ತು ಸತ್ತೇ ಕಲಿಯಬೇಕು. ‘ಸೆಲೆಸ್ಟ್’ನಲ್ಲಿ (2018) ಬೆಟ್ಟ ಹತ್ತುವ ಹುಡುಗಿಯ ಆಟವೂ ಕಷ್ಟದ್ದೇ. ಆದರೆ ಬೇಕೆಂದವರು ಆಟದ ವೇಗ ತಗ್ಗಿಸಿಕೊಳ್ಳಬಹುದು, ಸಾವೇ ಬಾರದಂತೆಯೂ ಮಾಡಿಕೊಳ್ಳಬಹುದು. ಎರಡೂ ನಿಲುವುಗಳಿಗೆ ಅವುಗಳದೇ ಘನತೆಯಿದೆ. ಅಂಥ ಸೌಲಭ್ಯ ಬಳಸಿ ಆಡಿದವರನ್ನು ಹೀಯಾಳಿಸುವ ಗೇಮರ್‌ಗಳ ಚಾಳಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಬೆರಳು ಚುರುಕಿಲ್ಲದವರಿಗೂ ಆ ಬೆಟ್ಟದ ತುದಿ ಕಾಣುವ ಹಕ್ಕಿದೆ. ವಿಮರ್ಶಕ ತಾನು ಹೇಗೆ ಆಡಿದೆ ಎಂದು ಹೇಳಿದರೆ ಸಾಕು, ಓದುಗ ತನ್ನ ಅಳತೆಗೆ ಹೊಂದಿಸಿಕೊಳ್ಳುತ್ತಾನೆ.

ಉದ್ದದ ಸಮಸ್ಯೆ ಇದಕ್ಕಿಂತ ದೊಡ್ಡದು. ‘ಬಾಲ್ಡರ್ಸ್ ಗೇಟ್ 3’ 2023ರ ಆಗಸ್ಟ್‌ನಲ್ಲಿ ಬಂದಾಗ ವಿಮರ್ಶಕರಿಗೆ ಪ್ರತಿ ಸಿಕ್ಕಿದ್ದು ಕೆಲವೇ ದಿನ ಮೊದಲು. ನಿಧಾನವಾಗಿ ಆಡಿದರೆ ನೂರು ಗಂಟೆ ದಾಟುವ ಗೇಮ್ ಅದು. ಅದರ ಕಥೆಯ ಮೊದಲ ಭಾಗ 2020ರಿಂದಲೇ ಸಾರ್ವಜನಿಕರ ಕೈಯಲ್ಲಿದ್ದು ತಿದ್ದಿ ತೀಡಿಸಿಕೊಂಡಿತ್ತು. ಮಹಾನಗರಕ್ಕೆ ಕಾಲಿಡುವ ಮೂರನೇ ಭಾಗದಲ್ಲಿ ಬಿಡುಗಡೆಯ ಹೊತ್ತಿಗೆ ತಡವರಿಕೆಯೂ ದೋಷಗಳೂ ಇದ್ದವು. ನಾನು ಮೆಚ್ಚುವ ಗೇಮ್‌ಗಳಲ್ಲಿ ಅದೂ ಒಂದು. ಆದರೂ ಮೊದಲ ಭಾಗ ಮುಗಿಸಿ ಬರೆದ ವಿಮರ್ಶೆಗೂ ಕೊನೆ ಮುಟ್ಟಿ ಬರೆದದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ‘ಇನ್ನೂ ಆಡುತ್ತಿದ್ದೇವೆ, ತೀರ್ಪು ಆಮೇಲೆ’ ಎಂದು ಆಗ ಹೇಳಿದ ಪತ್ರಿಕೆಗಳ ಮೇಲೆ ನನಗೆ ಗೌರವ ಹೆಚ್ಚಿತು.

ವಿಮರ್ಶೆ ಪ್ರಕಟವಾದ ಮೇಲೂ ಗೇಮ್ ಬದಲಾಗುತ್ತದೆ. 2016ರಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲವೆಂದು ಉಗಿಸಿಕೊಂಡ ‘ನೋ ಮ್ಯಾನ್ಸ್ ಸ್ಕೈ’, ವರ್ಷಗಟ್ಟಲೆ ಉಚಿತ ಅಪ್‌ಡೇಟ್‌ಗಳಿಂದ ಬೇರೆಯದೇ ಆಟವಾಗಿ ನಿಂತಿದೆ. ಹಳೆಯ ವಿಮರ್ಶೆ ಅಂದಿನ ದಾಖಲೆಯಾಗಿ ಉಳಿಯಲಿ, ಅದನ್ನು ಬರೆದವರು ಮತ್ತೊಮ್ಮೆ ಆಡಿ ಇನ್ನೊಂದು ಬರೆಯಲಿ.

ಜನರ ತೀರ್ಪು

ವೃತ್ತಿಪರರನ್ನು ನಂಬದವರು ಆಟಗಾರರ ಅಭಿಪ್ರಾಯಕ್ಕೆ ಮೊರೆ ಹೋಗುತ್ತಾರೆ. 2020ರ ಜೂನ್‌ನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಬಂದ ಕೆಲವೇ ಗಂಟೆಗಳಲ್ಲಿ ಮೆಟಾಕ್ರಿಟಿಕ್‌ನಲ್ಲಿ ಸಾವಿರಾರು ಜನ ಸೊನ್ನೆ ಸುತ್ತಿದರು. ಇಪ್ಪತ್ತು ಗಂಟೆಗೂ ಮೀರಿದ ಗೇಮ್ ಅದು, ಅಷ್ಟರಲ್ಲಿ ಯಾರೂ ಮುಗಿಸಿರಲು ಸಾಧ್ಯವಿರಲಿಲ್ಲ. ಗೇಮ್ ಬಂದ 36 ಗಂಟೆಗಳವರೆಗೆ ಬಳಕೆದಾರರು ಅಂಕ ಕೊಡುವಂತಿಲ್ಲವೆಂದು ಆ ತಾಣ ಆಮೇಲೆ ನಿಯಮ ಮಾಡಿತು.

ಇದೇ ಅಸ್ತ್ರ ನ್ಯಾಯಕ್ಕೂ ಬಳಕೆಯಾಗಿದೆ. 2024ರ ಮೇನಲ್ಲಿ ‘ಹೆಲ್‌ಡೈವರ್ಸ್ 2’ ಆಡಲು ಪಿಸಿಯವರೂ ಪ್ಲೇಸ್ಟೇಷನ್ ಖಾತೆ ತೆರೆಯಲೇಬೇಕೆಂದು ಸೋನಿ ಹೇಳಿತು. ಆ ಸೇವೆಯೇ ಇಲ್ಲದ ದೇಶಗಳಲ್ಲೂ ಗೇಮ್ ಮಾರಾಟವಾಗಿತ್ತು. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಹೆಬ್ಬೆರಳು ಕೆಳಗೆ ಮಾಡಿದರು, ಕಂಪನಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಪ್ರತಿಭಟನೆಯಾಗಿ ಅದು ಸರಿ. ವಿಮರ್ಶೆಯ ಜಾಗದಲ್ಲಿ ಪ್ರತಿಭಟನೆಯಷ್ಟೇ ಉಳಿದರೆ ಆಟ ಹೇಗಿದೆ ಎಂದು ಕೇಳಿ ಬಂದವನಿಗೆ ಉತ್ತರ ಸಿಗುವುದಿಲ್ಲ. ಸ್ಟೀಮ್‌ನ ಒಂದು ಕ್ರಮ ಮಾತ್ರ ನನಗೆ ಬಹಳ ಇಷ್ಟ: ಅಭಿಪ್ರಾಯ ಬರೆದವರು ಎಷ್ಟು ಗಂಟೆ ಆಡಿದ್ದಾರೆಂದು ಅಲ್ಲೇ ಕಾಣಿಸುತ್ತದೆ. ಈ ಪ್ರಾಮಾಣಿಕತೆ ಎಲ್ಲ ಕಡೆ ಬರಲಿ.

ನಮ್ಮ ಕೈಯ ಫೋನಿನಲ್ಲಿ

ಶುಕ್ರವಾರ ಸಿನಿಮಾ ಬಂದರೆ ಶನಿವಾರ ಕನ್ನಡ ಪತ್ರಿಕೆಗಳಲ್ಲಿ ವಿಮರ್ಶೆ ಇರುತ್ತದೆ. ಗೇಮ್ ಮಾತ್ರ ನಮ್ಮಲ್ಲಿ ಹೆಚ್ಚಾಗಿ ಸುದ್ದಿಯಾಗುವುದು ನಿಷೇಧವಾದಾಗ ಅಥವಾ ಮಕ್ಕಳ ಗೀಳಿನ ಮಾತು ಬಂದಾಗ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು, ಮರುವರ್ಷ ಬಿಜಿಎಂಐ ಹೆಸರಲ್ಲಿ ಬಂತು, 2022ರ ಜುಲೈನಲ್ಲಿ ಅದೂ ಮರೆಯಾಯಿತು, 2023ರ ಮೇನಲ್ಲಿ ಮರಳಿತು. ಇದೆಲ್ಲ ವರದಿಯಾಯಿತು. ಈ ಆಟದಲ್ಲಿ ಕಿರಿದಾಗುತ್ತ ಬರುವ ವೃತ್ತ ಆಟಗಾರರನ್ನು ಹೇಗೆ ಅಡಗುತಾಣದಿಂದ ಹೊರಗೆಳೆದು ಎದುರುಬದುರು ನಿಲ್ಲಿಸುತ್ತದೆ, ಹುಬ್ಬಳ್ಳಿಯಲ್ಲೊಬ್ಬ ಬೆಂಗಳೂರಿನಲ್ಲೊಬ್ಬ ಎಂದು ಚದುರಿಹೋದ ಗೆಳೆಯರು ರಾತ್ರಿ ಸ್ಕ್ವಾಡ್ ಕಟ್ಟಿಕೊಂಡು ಆಡುವಾಗ ಶತ್ರುವಿನ ಮಾತಿಗಿಂತ ಮನೆಯ ಮಾತೇ ಹೆಚ್ಚು ಏಕೆ ನಡೆಯುತ್ತದೆ ಎಂಬುದನ್ನು ಬರೆದವರು ಕಡಿಮೆ. ಅದು ಗೊತ್ತಾಗದೆ ಗೀಳಿನ ಬಗ್ಗೆ ಆಡುವ ಮಾತಿಗೂ ಬಲ ಬರುವುದಿಲ್ಲ.

ಕನ್ನಡದಲ್ಲಿ ಗೇಮ್ ವಿಮರ್ಶೆ ಬೇಕೆನ್ನಲು ದಿನನಿತ್ಯದ ಕಾರಣಗಳೂ ಇವೆ. ಪ್ಲೇಸ್ಟೇಷನ್ 5ರ ದೊಡ್ಡ ಗೇಮ್‌ಗಳಿಗೆ ಇಲ್ಲಿ ನಾಲ್ಕೈದು ಸಾವಿರ ರೂಪಾಯಿ, ನಮ್ಮಲ್ಲಿ ಅದು ಸಣ್ಣ ಮೊತ್ತವಲ್ಲ. ಬಹುಪಾಲು ಜನ ಆಡುವುದು ಹತ್ತು ಹದಿನೈದು ಸಾವಿರದ ಫೋನಿನಲ್ಲಿ. ಅದರಲ್ಲಿ ಈ ಗೇಮ್ ಲ್ಯಾಗ್ ಆಗುತ್ತದೆಯೇ, ಅರ್ಧ ಗಂಟೆಗೆ ಫೋನ್ ಬಿಸಿಯಾಗುತ್ತದೆಯೇ, ‘ಉಚಿತ’ ಎಂದವರು ಎಷ್ಟನೇ ಹಂತದಲ್ಲಿ ಕಾಸು ಕೇಳತೊಡಗುತ್ತಾರೆ, ಅಪರಿಚಿತರು ಮಕ್ಕಳೊಂದಿಗೆ ಮಾತಾಡುವ ದಾರಿ ಇದೆಯೇ ಎಂಬುದನ್ನು ಅಮೆರಿಕದ ವಿಮರ್ಶಕ ನಮಗಾಗಿ ಬರೆಯುವುದಿಲ್ಲ. ಅಪ್ಪ ಅಮ್ಮಂದಿರಿಗೆ ಬೇಕಾದ ಮಾಹಿತಿ ಇದೇ.

ರುಚಿಯ ಮಾತೂ ಇದೆ. ಟೊರೊಂಟೊದ ಸ್ಟುಡಿಯೊವೊಂದು 2023ರಲ್ಲಿ ತಂದ ‘ವೆಣ್ಬಾ’ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ ಕಥೆ. ಅಮ್ಮನ ಅಡುಗೆ ಪುಸ್ತಕದ ಅಳಿಸಿಹೋದ ಸಾಲುಗಳನ್ನು ಊಹಿಸುತ್ತ ಅಡುಗೆ ಮಾಡುವುದೇ ಆಟ. ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಎಲ್ಲ ಇಡ್ಲಿಗೂ ತಲುಪುತ್ತದೆ ಎಂಬುದು ಅಲ್ಲಿ ಒಗಟು. ಹೊರಗಿನವರಿಗೆ ಅದೊಂದು ಹೊಸ ಪಜಲ್. ನಮಗೆ ದಿನಬೆಳಗಾದರೆ ಅಡುಗೆಮನೆಯಲ್ಲಿ ನಡೆಯುವ ಕೆಲಸ. ಕೈಗೆ ಗೊತ್ತಿರುವುದನ್ನು ಒಗಟಾಗಿ ಕಂಡಾಗ ಏನನಿಸುತ್ತದೆ, ಆ ಮನೆಯ ಮಗ ತಾಯಿಮಾತಿನಿಂದ ದೂರವಾಗುವುದನ್ನು ಕಂಡಾಗ ಏನನಿಸುತ್ತದೆ ಎಂದು ಬರೆಯಲು ಕನ್ನಡದ ವಿಮರ್ಶಕನೇ ತಕ್ಕವನು.

ಇದಕ್ಕೆ ಬೇಕಾದವರು ನಮ್ಮ ನಡುವೆಯೇ ಇದ್ದಾರೆ. ಬೆಂಗಳೂರಿನಲ್ಲಿ 1997ರಲ್ಲೇ ‘ಧ್ರುವ ಇಂಟರಾಕ್ಟಿವ್’ ಹುಟ್ಟಿ ಹೊರದೇಶದ ದೊಡ್ಡ ಗೇಮ್‌ಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತು, 2019ರಲ್ಲಿ ಅದು ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿಯ ತೆಕ್ಕೆಗೆ ಸೇರಿತು. ಕನ್ನಡದಲ್ಲೇ ಹರಟುತ್ತ ಗೇಮ್ ಆಡಿ ತೋರಿಸುವ ಹುಡುಗರು ಯೂಟ್ಯೂಬ್‌ನಲ್ಲಿದ್ದಾರೆ. ಮಾಡುವವರೂ ಇದ್ದಾರೆ, ಆಡುವವರೂ ಇದ್ದಾರೆ, ಇವರಿಬ್ಬರ ನಡುವೆ ನಿಂತು ವಿಚಾರಿಸುವ ಬರವಣಿಗೆ ಬೆಳೆಯಬೇಕು. ವಾರಕ್ಕೊಂದು ಗೇಮ್, ಪತ್ರಿಕೆಯಲ್ಲಿ ಅರ್ಧ ಪುಟ ಸಾಕು. ಬರೆಯುವವರು ಸ್ವಂತ ಹಣದಲ್ಲಿ ಕೊಂಡದ್ದೋ ಕಂಪನಿ ಕೊಟ್ಟದ್ದೋ ಎಂದು ಮೊದಲೇ ತಿಳಿಸಲಿ, ನಮ್ಮಲ್ಲಿ ಬಳಕೆಯಲ್ಲಿರುವ ಫೋನು–ಕಂಪ್ಯೂಟರಿನಲ್ಲಿ ಕೊನೆಯವರೆಗೆ ಆಡಲಿ, ಆಟ ತಮ್ಮ ಕೈಯಲ್ಲಿ ಏನು ಮಾಡಿಸಿತೆಂದು ಬಿಡಿಸಿ ಹೇಳಲಿ. ಅಷ್ಟು ಓದಿದ ಮೇಲೆ ಆ ಗೇಮ್ ತನಗೋ ಅಲ್ಲವೋ ಎಂದು ಓದುಗನೇ ತೀರ್ಮಾನಿಸುತ್ತಾನೆ. ಆ ಶಕ್ತಿಯನ್ನು ಅವನಿಗೆ ಕೊಡುವುದೇ ವಿಮರ್ಶಕನ ಕೆಲಸ.