ಇಲಿ ಬಿಡಿಸಿದ ಹೊಟ್ಟೆನೋವಿನ ಒಗಟು

ಹೊನ್ನಾವರದ ಪಕ್ಕದ ಕರ್ಕಿಯಿಂದ ದಕ್ಷಿಣಕ್ಕೆ ಹೊರಟು ಶರಾವತಿ ಸೇತುವೆ ದಾಟಿದರೆ ಸ್ವಲ್ಪ ಹೊತ್ತಿನಲ್ಲೇ ಇಡಗುಂಜಿ. ಅಲ್ಲಿಯ ಗಣಪತಿಗೆ ಎರಡೇ ಕೈ. ಜೊತೆಗೆ ಇಲಿಯೂ ಇಲ್ಲ. ಇಲಿ ಎಲ್ಲಿ ಹೋಯಿತು ಎಂದು ಕೇಳುವ ಮಕ್ಕಳಿಗೆ, ‘ನಮ್ಮ ಹೊಟ್ಟೆನೋವಿನ ಕಾರಣ ಹುಡುಕಲು ಪ್ರಯೋಗಾಲಯಕ್ಕೆ ಹೋಗಿದೆ’ ಎಂದು ತಮಾಷೆ ಮಾಡಬಹುದು. ಅದರಲ್ಲಿ ತಮಾಷೆ ಅರ್ಧ, ನಿಜ ಅರ್ಧ.

ಹೊಟ್ಟೆನೋವುಗಳೆಲ್ಲ ಒಂದೇ ಅಲ್ಲ. ಮೇಲುಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಇರಿಯುವ, ವಾಂತಿ ನಿಲ್ಲಗೊಡದ, ಓಮದ ನೀರಿಗೂ ಕಷಾಯಕ್ಕೂ ಬಗ್ಗದ ನೋವೊಂದಿದೆ. ‘ಗ್ಯಾಸ್ ಇರಬೇಕು’ ಎಂದು ಮನೆಯಲ್ಲಿ ಕಾಯುವಂಥದ್ದಲ್ಲ ಅದು. ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್ ಇರಬಹುದು. ಅದು ಬಲಿತರೆ ಕರ್ಕಿಯವರು ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಮಣಿಪಾಲವೇ ನೂರು ಕಿಲೋಮೀಟರಿಗೂ ಆಚೆ. ಅಷ್ಟು ದೂರ ಹೋದರೂ, ಈ ಉರಿಯನ್ನೇ ತಡೆದು ನಿಲ್ಲಿಸುವ ಔಷಧ ಇನ್ನೂ ಬಂದಿಲ್ಲ. ಸಲೈನ್ ಕೊಡುತ್ತಾರೆ, ನೋವು ತಗ್ಗಿಸುತ್ತಾರೆ. ಪಿತ್ತಕೋಶದ ಕಲ್ಲು ಕಾರಣವಾದರೆ ಅದಕ್ಕೆ ಚಿಕಿತ್ಸೆ. ಕುಡಿತ ಕಾರಣವಾದರೆ ಅದನ್ನು ಬಿಡಿಸುವುದು.

ಈ ಗ್ರಂಥಿ ಜಠರದ ಹಿಂದೆ ಅಡ್ಡಲಾಗಿ ಮಲಗಿದೆ. ಉದ್ದ ಸುಮಾರು 15 ಸೆಂಟಿಮೀಟರ್. ನಾವು ತಿಂದ ಮೀನು, ಬೇಳೆಯ ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ ಎಂಬ ಕಿಣ್ವ ತಯಾರಾಗುವುದು ಇಲ್ಲಿ. ಕತ್ತರಿ ತಯಾರಿಸುವವನ ಕೈಯೇ ಕತ್ತರಿಸಿ ಹೋಗಬಾರದಲ್ಲ? ಅದಕ್ಕೆ ದೇಹ ಆ ಕತ್ತರಿಗೆ ಒರೆ ಹಾಕಿಯೇ ಕಳುಹಿಸುತ್ತದೆ. ಒರೆಯೊಳಗಿನ ಕತ್ತರಿಗೆ ಟ್ರಿಪ್ಸಿನೋಜೆನ್ ಎಂದು ಹೆಸರು. ಒರೆ ಕಳಚುವುದು ಸಣ್ಣ ಕರುಳಿಗೆ ಬಂದ ಮೇಲೆ. ಗ್ರಂಥಿಯೊಳಗೇ ಕಳಚಿದರೆ? ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ ಎಂದು 1896ರಲ್ಲಿ ಹಾನ್ಸ್ ಕಿಯಾರಿ ಎಂಬ ವೈದ್ಯ ಹೇಳಿದ. ನೂರು ವರ್ಷಗಳ ನಂತರ, 1996ರಲ್ಲಿ, ಅಮೆರಿಕದ ಡೇವಿಡ್ ವಿಟ್‌ಕಾಂಬ್ ತಂಡ ಪುರಾವೆ ಕೊಟ್ಟಿತು. ತಲೆಮಾರುಗಳಿಂದ ಈ ನೋವು ಕಾಡುವ ಮನೆತನಗಳಲ್ಲಿ ಟ್ರಿಪ್ಸಿನೋಜೆನ್ನಿನ ವಂಶವಾಹಿಯೇ ಕೆಟ್ಟಿತ್ತು.

ನಮ್ಮ ದೇಶದ ಕತೆ ಸ್ವಲ್ಪ ಬೇರೆ. ಕೇರಳ ಮತ್ತು ದಕ್ಷಿಣದ ಇತರ ಕಡೆ ಚಿಕ್ಕ ವಯಸ್ಸಿನವರಲ್ಲೂ ಗ್ರಂಥಿಯಲ್ಲಿ ಕಲ್ಲು ಕಟ್ಟುವ ಒಂದು ಬಗೆಯ ರೋಗವಿದೆ. ಮರಗೆಣಸಿನ ಮೇಲೆ ಬಹಳ ಕಾಲ ಅನುಮಾನವಿತ್ತು. 2002ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಇಂಥ ರೋಗಿಗಳನ್ನು ಪರೀಕ್ಷಿಸಿದಾಗ ವಿಟ್‌ಕಾಂಬ್ ಕಂಡ ದೋಷ ಸಿಗಲಿಲ್ಲ. ಹಲವರಲ್ಲಿ ಕೆಟ್ಟಿದ್ದದ್ದು ‘ಸ್ಪಿಂಕ್-1’ ಎಂಬ ಇನ್ನೊಂದು ವಂಶವಾಹಿ. ಇದು ಕಾವಲುಗಾರ, ಎಲ್ಲಾದರೂ ಒಂದು ಕತ್ತರಿ ಒರೆ ಬಿಟ್ಟು ಹೊರಬಂದರೆ ಅದನ್ನು ಹಿಡಿದು ಕೂರಿಸುವುದು ಇದರ ಕೆಲಸ.

ಆದರೆ ಈ ನಾಟಕವನ್ನು ಮನುಷ್ಯನ ಹೊಟ್ಟೆಯಲ್ಲಿ ಕೂತು ನೋಡುವಂತಿಲ್ಲ. ಇಲಿ ಬರುವುದು ಇಲ್ಲಿ. ಬೇಕಾದ ಒಂದೇ ವಂಶವಾಹಿಯನ್ನು ತೆಗೆದು ಇಲಿ ಹುಟ್ಟಿಸುವ ವಿದ್ಯೆಗೆ 2007ರ ನೊಬೆಲ್ ಬಂತು. ಬೆಂಗಳೂರಿನ ಎನ್‌ಸಿಬಿಎಸ್–ಇನ್‌ಸ್ಟೆಮ್ ಆವರಣದಲ್ಲೂ ಇಂಥ ಇಲಿಗಳನ್ನು ರೂಪಿಸುವ ಕೇಂದ್ರವಿದೆ. ಜಪಾನಿನಲ್ಲಿ 2005ರಲ್ಲಿ ಕಾವಲುಗಾರನಿಲ್ಲದ ಇಲಿಮರಿಗಳನ್ನು ಪಡೆದರು. ಹದಿನೈದು ದಿನ ತುಂಬುವುದರೊಳಗೆ ಅವು ಸತ್ತವು. ಕಾವಲುಗಾರ ಎಷ್ಟು ದೊಡ್ಡವನೆಂದು ತಿಳಿಯಿತು.

ಇನ್ನೂ ಕುತೂಹಲದ್ದು ಭಾರತ ಮೂಲದ ಅಶೋಕ್ ಸಲೂಜಾ ಅವರ ತಂಡ ಅಮೆರಿಕದಲ್ಲಿ ಮಾಡಿದ ಪ್ರಯೋಗ. ಅವರು 2011ರಲ್ಲಿ ಒಂದು ಮುಖ್ಯ ಟ್ರಿಪ್ಸಿನೋಜೆನ್ನೇ ಇಲ್ಲದ ಇಲಿಗಳನ್ನು ಬಳಸಿದರು. ಅವುಗಳಿಗೆ ಸೆರುಲೀನ್ ಚುಚ್ಚಿದರು. ಈ ವಸ್ತು ಮೊದಲು ಸಿಕ್ಕಿದ್ದು ಆಸ್ಟ್ರೇಲಿಯಾದ ಹಸಿರು ಮರಗಪ್ಪೆಯ ಚರ್ಮದಲ್ಲಿ. ಹೆಚ್ಚು ಕೊಟ್ಟರೆ ಇಲಿಯ ಗ್ರಂಥಿ ಉರಿಯತೊಡಗುತ್ತದೆ. (ಮಳೆಗಾಲದಲ್ಲಿ ನಮ್ಮಂಗಳಕ್ಕೆ ಬರುವ ಕಪ್ಪೆಗಳಿಗೆ ಹೆದರಬೇಡಿ!) ಕತ್ತರಿಯೇ ಇಲ್ಲದ ಮೇಲೆ ರೋಗವೂ ಬರಬಾರದಲ್ಲವೇ? ಜೀವಕೋಶಗಳ ಸಾವು ಸುಮಾರು ಅರ್ಧಕ್ಕೆ ಇಳಿಯಿತು, ನಿಜ. ಉರಿಯೂತ ಮಾತ್ರ ಇದ್ದಷ್ಟೇ ಇತ್ತು! ನೂರು ವರ್ಷ ನಂಬಿದ ಉತ್ತರ ಅರ್ಧ ಉತ್ತರವಾಗಿತ್ತು. ಟ್ರಿಪ್ಸಿನ್ನನ್ನು ತಡೆದರೆ ಸಾಲದು, ಉರಿಯ ಬೇರೆ ದಾರಿಯನ್ನೂ ಮುಚ್ಚಬೇಕು. ಔಷಧ ಹುಡುಕುವವರಿಗೆ ಇದು ಸಣ್ಣ ಸುದ್ದಿಯಲ್ಲ.

ಹಾಗೆಂದು ಇಲಿ ಹೇಳಿದ್ದೆಲ್ಲ ಮನುಷ್ಯನಿಗೆ ಒಪ್ಪುವುದಿಲ್ಲ. ಇಲಿಯಲ್ಲಿ ಟ್ರಿಪ್ಸಿನೋಜೆನ್ ವಂಶವಾಹಿಗಳು ನಮಗಿಂತ ಹೆಚ್ಚು. ಅದು ಹೆಂಡ ಕುಡಿಯುವುದೂ ಇಲ್ಲ.

ಮತ್ತೆ, ಆ ಇಲಿಗೂ ನೋಯುತ್ತದೆ. ನಮ್ಮಲ್ಲಿ ಇಂಥ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಕಡ್ಡಾಯ; ಎಷ್ಟು ಇಲಿ, ಏಕೆ ಎಂದು ಮೊದಲೇ ಲೆಕ್ಕ ಕೊಡಬೇಕು. ‘ನೋಯುತ್ತಿದೆ’ ಎನ್ನಲು ಇಲಿಗೆ ಬಾಯಿಲ್ಲ. ಹೀಗಾಗಿ 2010ರಲ್ಲಿ ಕೆನಡಾದ ವಿಜ್ಞಾನಿಗಳು ಅದರ ಮುಖ ಓದುವ ಕ್ರಮವೊಂದನ್ನು ರೂಪಿಸಿದರು. ಕಣ್ಣು ಕಿರಿದಾಗಿದೆಯೇ, ಕೆನ್ನೆ, ಮೂಗು ಉಬ್ಬಿವೆಯೇ, ಕಿವಿ ಹಿಂದಕ್ಕೆ ವಾಲಿದೆಯೇ, ಮೀಸೆ ಹೇಗಿದೆ ಎಂದು ನೋಡಿ ಒಂದೊಂದಕ್ಕೂ 0, 1 ಅಥವಾ 2 ಅಂಕ ಕೊಡುತ್ತಾರೆ. ಅಂಕ ಏರಿದರೆ ಇಲಿಗೆ ನೋವು ಹೆಚ್ಚಿದೆ ಎಂದರ್ಥ.