ದೂರದಿಂದ ರೋಗನಿದಾನ

ಸೂರ್ಯನ ಬೆಳಕು ಜೀವಕ್ಕೆ ಆಧಾರ. ಆದರೆ ಅದರಲ್ಲಿರುವ ಅತಿನೇರಳೆ ಕಿರಣಗಳು ತಿಳಿ ಮೈಬಣ್ಣದವರಲ್ಲಿ ಚರ್ಮದ ಕ್ಯಾನ್ಸರಿಗೆ ಮುಖ್ಯ ಕಾರಣವಾಗಿವೆ. ಈ ರೋಗವು ಅತ್ಯಂತ ಹೆಚ್ಚಾಗಿರುವ ದೇಶಗಳಲ್ಲಿ ಆಸ್ಟ್ರೇಲಿಯವೂ ಒಂದು. ಇದರ ಬಗೆಗಳಲ್ಲಿ ಮೆಲನೋಮ ಬಹಳ ಘೋರವಾದುದು. ಬೇಗನೆ ಗುರುತಿಸಿ ಕೊಯ್ದು ತೆಗೆದರೆ ಅದು ಬಹುಮಟ್ಟಿಗೆ ಗುಣವಾಗುತ್ತದೆ. ತಡವಾದರೆ ಒಳಗಿನ ಅಂಗಗಳಿಗೂ ಹರಡುತ್ತದೆ.

ಆ ದೇಶದ ಚರ್ಮರೋಗ ತಜ್ಞರಲ್ಲಿ ಹೆಚ್ಚಿನವರು ನಗರವಾಸಿಗಳು. ಅವರನ್ನು ಕಾಣಲು ಒಳನಾಡಿನ ಜನರು ನೂರಾರು ಕಿಲೋಮೀಟರು ಪ್ರಯಾಣ ಮಾಡಬೇಕಾಗುತ್ತದೆ. ಇದಕ್ಕೆ ಪರಿಹಾರವಾಗಿ ಬಂದುದು ಚಿತ್ರಗಳ ಮೂಲಕ ನಡೆಯುವ ದೂರವೈದ್ಯ. ಸ್ಥಳೀಯ ವೈದ್ಯರು ಡರ್ಮಟೋಸ್ಕೋಪ್ ಎಂಬ, ಬೆಳಕುಳ್ಳ ಭೂತಗನ್ನಡಿಯ ಮೂಲಕ ಮಚ್ಚೆಯ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುತ್ತಾರೆ. ಮಚ್ಚೆಯ ಎರಡು ಅರ್ಧಗಳು ಸಮವಾಗಿವೆಯೆ, ಅಂಚು ನೇರ್ಪಾಗಿದೆಯೆ, ಬಣ್ಣ ಒಂದೇ ಇದೆಯೆ, ಅಗಲ 6 ಮಿಲಿಮೀಟರನ್ನು ಮೀರಿದೆಯೆ ಎಂಬುದನ್ನು ತಜ್ಞರು ಪರಿಶೀಲಿಸುತ್ತಾರೆ.

ಈ ವಿಧಾನವನ್ನು ವೈದ್ಯರು ಹೇಗೆ ಕಾಣುತ್ತಾರೆ? ಯಾವ ರೋಗಿಯನ್ನು ಮೊದಲು ಕರೆಯಿಸಬೇಕೆಂದು ನಿರ್ಧರಿಸಲು ಇದು ಉಪಯುಕ್ತವೆಂದು ಹಲವರು ಒಪ್ಪುತ್ತಾರೆ. ಆದರೂ ಅವರಲ್ಲಿ ಅಳುಕು ಉಂಟು. ಮಚ್ಚೆಯನ್ನು ಮುಟ್ಟಿ ಅದರ ಗಡಸುತನವನ್ನು ತಿಳಿಯಲು ಚಿತ್ರದಲ್ಲಿ ಸಾಧ್ಯವಿಲ್ಲ. ಮಸುಕಾದ ಚಿತ್ರವು ದಾರಿ ತಪ್ಪಿಸಬಹುದು. ಕೈಮೇಲಿನ ಮಚ್ಚೆಯನ್ನು ಮಾತ್ರ ಚಿತ್ರಿಸಿದರೆ, ಬೆನ್ನಿನ ಮೇಲಿರುವ ಅಪಾಯಕರ ಮಚ್ಚೆಯು ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ತೀರ್ಮಾನ ತಪ್ಪಿದರೆ ಹೊಣೆ ಚಿತ್ರ ತೆಗೆದವರದೊ, ನೋಡಿದವರದೊ?

ಆದುದರಿಂದ ಸಂದೇಹವಿದ್ದಲ್ಲಿ ರೋಗಿಯನ್ನು ಕರೆಯಿಸಿ, ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಬಳಿಕವೇ ರೋಗವನ್ನು ನಿಶ್ಚಯಿಸುತ್ತಾರೆ. ಚಿತ್ರವು ರೋಗಿಯ ದಾರಿಯನ್ನು ಹತ್ತಿರ ಮಾಡುತ್ತದೆ. ವೈದ್ಯರ ಹೊಣೆ ಮಾತ್ರ ಮೊದಲಿನಷ್ಟೇ ಉಳಿಯುತ್ತದೆ.