ಫೇಲಾದವರ ಕೋಣೆಯಲ್ಲಿ ಕಂಡದ್ದು

ತಪ್ಪು ಕಲ್ಪನೆ: ಫೇಲಾಗುವವರು ಓದುವುದಿಲ್ಲ.

ಸ್ಟಾಫ್ ರೂಮುಗಳಲ್ಲಿ ಈ ಮಾತಿಗೆ ಎದುರಾಡುವವರು ಕಡಿಮೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಕಪ್ಪು ಸಮುದಾಯದ ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿ ಮುಗ್ಗರಿಸುತ್ತಿದ್ದರು. ಚೀನೀ ಮೂಲದವರು ಸಲೀಸಾಗಿ ದಾಟುತ್ತಿದ್ದರು. ಯಾಕೆ ಹೀಗೆ ಎಂದು ಯೂರಿ ಟ್ರೀಸ್‌ಮನ್ ಎಂಬ ಸಂಶೋಧನಾ ವಿದ್ಯಾರ್ಥಿ ಅಧ್ಯಾಪಕರನ್ನು ಕೇಳಿದರು. ಸಿಕ್ಕ ಉತ್ತರ ನಾಲ್ಕು: ಛಲವಿಲ್ಲ, ತಳಪಾಯ ಗಟ್ಟಿಯಿಲ್ಲ, ಮನೆಯವರ ಒತ್ತಾಸೆಯಿಲ್ಲ, ದುಡ್ಡಿಲ್ಲ. ಅವರು ಎರಡೂ ಗುಂಪುಗಳಿಂದ ತಲಾ 20 ಮಂದಿಯನ್ನು ಆರಿಸಿಕೊಂಡು ಸುಮಾರು 18 ತಿಂಗಳು ಅವರ ಜೊತೆಗೇ ಓಡಾಡಿದರು, ಓದುವ ಕಡೆ ಕೂತರು, ವೀಡಿಯೊ ತೆಗೆದರು.

ಸತ್ಯ: ನಾಲ್ಕು ಉತ್ತರಗಳಲ್ಲಿ ಒಂದೂ ನಿಲ್ಲಲಿಲ್ಲ. ಮಗು ಹುಟ್ಟುವ ಮೊದಲೇ ಕಾಲೇಜಿನ ಕನಸು ಕಂಡಿದ್ದ ಅಪ್ಪ ಅಮ್ಮಂದಿರು ಆ ಕಪ್ಪು ವಿದ್ಯಾರ್ಥಿಗಳಲ್ಲಿ ಹಲವರಿಗಿದ್ದರು. ಪ್ರವೇಶ ಪರೀಕ್ಷೆಯ ಗಣಿತದಲ್ಲಿ ಒಳ್ಳೆಯ ಅಂಕ ತಂದವರೂ ಎಡವಿದ್ದರು. ಮೈಗಳ್ಳತನವೂ ಇರಲಿಲ್ಲ. ವಾರಕ್ಕೆ 8 ತಾಸು ಓದಿ ಎಂದಿದ್ದರು, 8 ತಾಸು ಓದಿದರು. ಆದರೆ ಓದಿದ್ದು ಒಬ್ಬೊಬ್ಬರೇ. 20ರಲ್ಲಿ 18 ಮಂದಿ ಸಹಪಾಠಿಗಳ ಜೊತೆ ಕೂತು ಓದಿದವರೇ ಅಲ್ಲ. ಯಾರನ್ನೂ ನೆಚ್ಚಿಕೊಳ್ಳದ ಆ ಅಭ್ಯಾಸವೇ ಅವರನ್ನು ಬರ್ಕ್ಲಿಯವರೆಗೆ ಮುಟ್ಟಿಸಿತ್ತು. ಅಲ್ಲಿ ಅದೇ ಕಾಲಿಗೆ ತೊಡರಿತು.

ಚೀನೀ ಮೂಲದವರು ವಾರಕ್ಕೆ ಸುಮಾರು 14 ತಾಸು ಕೊಡುತ್ತಿದ್ದರು. ಎಂಟು ಹತ್ತು ತಾಸು ಒಂಟಿಯಾಗಿ, ಉಳಿದದ್ದು ಸಂಜೆ ಎಲ್ಲರೂ ಸೇರಿ ಅಡುಗೆ ಮಾಡಿ ಉಂಡು, ಲೆಕ್ಕಗಳನ್ನು ಹರಡಿಕೊಂಡು. ಉಳಿದವರಿಗೆಲ್ಲ 82 ಬಂದು ಒಬ್ಬನಿಗೆ ಮಾತ್ರ ಪೈ ಬಂದರೆ, ತಪ್ಪು ಯಾರದೆಂದು ಹೇಳಬೇಕಿರಲಿಲ್ಲ. ಯಾರಿಗೂ ಬಿಡಿಸಲು ಬಾರದಿದ್ದರೆ ಲೆಕ್ಕವೇ ಕಠಿಣ, ತಾನು ದಡ್ಡನಲ್ಲ ಎಂಬುದೂ ಗೊತ್ತಾಗುತ್ತಿತ್ತು. ಪ್ರಶ್ನಾವಳಿ ಹಂಚಿದ್ದರೆ ಇದು ಸಿಗುತ್ತಿತ್ತೇ? ‘ಎಷ್ಟು ಹೊತ್ತು ಓದುತ್ತೀರಿ’ ಎಂದು ಎಲ್ಲರೂ ಕೇಳುತ್ತಾರೆ. ‘ಊಟವಾದ ಮೇಲೆ ಯಾರ ಉತ್ತರದ ಜೊತೆ ತಾಳೆ ನೋಡುತ್ತೀರಿ’ ಎಂದು ಕೇಳುವುದು ಯಾರಿಗೆ ಹೊಳೆಯುತ್ತದೆ!

ತಪ್ಪು ಕಲ್ಪನೆ: ಒಂಟಿಯಾಗಿ ಓದುವುದು, ಸೇರಿ ಓದುವುದು ಆಯಾ ಜನಾಂಗದ ಗುಣ.

ಸತ್ಯ: ಅಲ್ಲ. ಟ್ರೀಸ್‌ಮನ್ ಮುಂದೆ ಬರ್ಕ್ಲಿಯಲ್ಲೇ ಗುಂಪಿನಲ್ಲಿ ಕಲಿಯುವ ಕಾರ್ಯಾಗಾರ ಶುರುಮಾಡಿದರು. ಹಿಂದುಳಿದವರಿಗಾಗಿ ಎಂಬ ಹಣೆಪಟ್ಟಿ ಅದಕ್ಕಿರಲಿಲ್ಲ. ಅಲ್ಲಿ ಕೊಡುತ್ತಿದ್ದುದು ಮಾಮೂಲಿಗಿಂತ ಕಠಿಣ ಲೆಕ್ಕ. ಅದಕ್ಕೆ ಸೇರಿದ ಕಪ್ಪು ವಿದ್ಯಾರ್ಥಿಗಳಲ್ಲಿ ಫೇಲಾಗುವವರು ಬಹಳ ಕಡಿಮೆಯಾದರು.

ತಪ್ಪು ಕಲ್ಪನೆ: ಕಂಬೈನ್ಡ್ ಸ್ಟಡಿ ಎಂದರೆ ಹರಟೆ.

ಸತ್ಯ: ಪುಸ್ತಕ ತೆರೆಯದ ನಾಲ್ವರು ಸೇರಿದರೆ ಹರಟೆಯೇ, ನಮ್ಮ ಮನೆಗಳ ಅಪ್ಪಂದಿರ ಗುಮಾನಿ ಪೂರ್ತಿ ಸುಳ್ಳಲ್ಲ. ಬರ್ಕ್ಲಿಯ ಚೀನೀ ಮೂಲದವರು ಸೇರುತ್ತಿದ್ದುದು ತಾವು ತಾವೇ ಲೆಕ್ಕದ ಜೊತೆ ಗುದ್ದಾಡಿದ ಮೇಲೆ.

ತಪ್ಪು ಕಲ್ಪನೆ: ಯಾರಾದರೂ ನೋಡುತ್ತಿದ್ದರೆ ಎಲ್ಲರೂ ಶಿಸ್ತಾಗಿ ಓದುತ್ತಾರೆ, ಆದ್ದರಿಂದ ಇಂಥ ಅಧ್ಯಯನ ನಂಬುವಂತಿಲ್ಲ.

ಸತ್ಯ: ನೋಡುವವರ ಮುಂದೆ ನಡವಳಿಕೆ ಬದಲಾಗುವುದು ನಿಜ, ಆದರೆ ಅಷ್ಟೊಂದಲ್ಲ. ಲ್ಯಾರಿ ರೋಸೆನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆಯಿಂದ ವಿಶ್ವವಿದ್ಯಾಲಯದವರೆಗಿನ 263 ವಿದ್ಯಾರ್ಥಿಗಳನ್ನು ‘ಮುಖ್ಯವಾದದ್ದೇನಾದರೂ ಓದಿ’ ಎಂದು ಕೂರಿಸಿ, 15 ನಿಮಿಷ ಗಮನಿಸಿ, ನಿಮಿಷ ನಿಮಿಷಕ್ಕೂ ಬರೆದುಕೊಂಡರು. ಎದುರಿಗೆ ವೀಕ್ಷಕರಿದ್ದರೂ ಓದು ಬಿಟ್ಟು ಮೆಸೇಜು, ಫೇಸ್‌ಬುಕ್ಕಿನಂಥ ಬೇರೆಯದಕ್ಕೆ ಜಾರಲು ಸರಾಸರಿ ಆರು ನಿಮಿಷವೂ ಹಿಡಿಯಲಿಲ್ಲ.